ಬುಧವಾರದ ಹಡಗು

ನಾನು ಕಲಿತ ಫ್ರೆಂಚ್ ಈ ದೇಶದಲ್ಲಿ ಒಂದೇ ಒಂದು ಸಲ ಕೆಲಸಕ್ಕೆ ಬಂತು. ಅದೂ ಎಪ್ಪತ್ತು ದಾಟಿದ ಮೇಲೆ, ನ್ಯೂಜೆರ್ಸಿಯ ಮನ್ರೋದ ನಮ್ಮ ಸೀನಿಯರ್ ಕಮ್ಯೂನಿಟಿಯ ಕ್ಲಬ್‌ಹೌಸಿನ ಹಿಂದಿರುವ ವುಡ್‌ಶಾಪಿನಲ್ಲಿ, ರಿಟೈರ್ ಆದ ಒಬ್ಬ ಡೆಂಟಿಸ್ಟರ ಎದುರು ಕೂತು.

ಬೆಂಗಳೂರಿನ ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ ನನ್ನ ಓದು. ಸೆಕೆಂಡ್ ಲ್ಯಾಂಗ್ವೇಜಿಗೆ ಕನ್ನಡ ಬೇಡ, ಮನೆಯಲ್ಲಿ ಹೇಗೂ ಮಾತಾಡುತ್ತೀ, ಫ್ರೆಂಚ್ ತೆಗೆದುಕೋ, ಒಂದು ಪಾಲಿಶ್ ಬರುತ್ತದೆ ಎಂದರು ಅಪ್ಪ. ಕಲಿಸುತ್ತಿದ್ದವರು ಫ್ರಾನ್ಸಿನಿಂದಲೇ ಬಂದಿದ್ದ ವಯಸ್ಸಾದ ಸಿಸ್ಟರ್. ಡಿಕ್ಟೇಶನ್ ಕೊಡುವಾಗ ಅವರ ಕೈಯಲ್ಲೊಂದು ಮರದ ಸ್ಕೇಲು. ಅಕ್ಷರದ ತಲೆಯ ಮೇಲಿನ ಒಂದು ಗೀಟು ಬಿಟ್ಟರೂ ಬೆರಳ ಗೆಣ್ಣಿಗೆ ಏಟು. ಕನ್ನಡವನ್ನು ನೆಟ್ಟಗೆ ಬರೆಯಲು ನಾನು ಕಲಿತದ್ದು ಮದುವೆಯಾದ ಮೇಲೆ, ಮೈಸೂರಿನಲ್ಲಿದ್ದ ಅತ್ತೆಗೆ ಕಾಗದ ಬರೆಯಬೇಕಾಗಿ ಬಂದಾಗ. ಅತ್ತೆ ನನ್ನ ಒತ್ತಕ್ಷರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅದೇ ಕಾಗದವನ್ನು ವಾಪಸು ಕಳಿಸುತ್ತಿದ್ದರು. ಸ್ಕೇಲಿನ ಏಟು ತಪ್ಪಿತಲ್ಲ ಎನ್ನುವುದೊಂದೇ ಸಮಾಧಾನ.

ಫ್ರೆಂಚಿನಿಂದ ಪಾಲಿಶ್ ಬಂತೋ ಇಲ್ಲವೋ, ಉಪಯೋಗವಂತೂ ಆಗಲಿಲ್ಲ. ಒಮ್ಮೆ ಪ್ಯಾರಿಸ್ ಏರ್‌ಪೋರ್ಟಿನಲ್ಲಿ ಫ್ಲೈಟ್ ಬದಲಿಸುವಾಗ, ವ್ಯಾಕರಣವೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು, ಬಾತ್‌ರೂಮ್ ಎಲ್ಲಿದೆ ಎಂದು ಒಬ್ಬರನ್ನು ಕೇಳಿದೆ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಪಕ್ಕದಲ್ಲಿದ್ದ ನಮ್ಮ ಯಜಮಾನರು ಶುರುಮಾಡಿದ ನಗು ನ್ಯೂಜೆರ್ಸಿ ಮುಟ್ಟುವ ತನಕ ನಿಲ್ಲಲಿಲ್ಲ.

ಆ ನಗು ಈಗ ಇಲ್ಲ. ಮಾರಿಸ್‌ಟೌನಿನ ಎರಡಂತಸ್ತಿನ ಮನೆ ಮಾರಿ, ಮೆಟ್ಟಿಲಿಲ್ಲದ ಈ ಚಿಕ್ಕ ಮನೆಗೆ ನಾವು ಬಂದದ್ದು ಅವರ ಮಂಡಿನೋವಿಗಾಗಿ. ಬಂದ ಮೊದಲ ಚಳಿಗಾಲದಲ್ಲೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ಮಂಡಿ ಚೆನ್ನಾಗಿಯೇ ಇತ್ತು. ಆಮೇಲೆ ಮನೆ ಬಹಳ ಸ್ವಚ್ಛವಾಗಿ ಉಳಿಯತೊಡಗಿತು. ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಪೇಪರಿನ ಮಡಿಕೆ ಬಿಚ್ಚಿದರೆ ನಾನೇ ಬಿಚ್ಚಬೇಕು, ಮಡಿಸಿದರೆ ನಾನೇ ಮಡಿಸಬೇಕು. ಮಾರಿಸ್‌ಟೌನಿನಲ್ಲೇ ಉಳಿದಿರುವ ಮಗಳು ದಿನವೂ ಆಫೀಸಿನಿಂದ ವಾಪಸು ಡ್ರೈವ್ ಮಾಡುವಾಗ ಕಾರಿನಿಂದಲೇ ಫೋನ್ ಮಾಡುತ್ತಾಳೆ. "ಅಮ್ಮಾ, ಡಿಡ್ ಯು ಈಟ್? ಡಿಡ್ ಯು ವಾಕ್? ಡಿಡ್ ಯು ಟಾಕ್ ಟು ಎನಿಬಡಿ?" ಮೂರೂ ಪ್ರಶ್ನೆಗೆ ನಾನು ಯೆಸ್ ಎನ್ನುತ್ತೇನೆ. ಮೂರನೆಯದು ಎಷ್ಟೋ ದಿನ ಸುಳ್ಳಾಗಿರುತ್ತಿತ್ತು. ಅವಳ ಕಾರು ಗರಾಜಿನೊಳಗೆ ಹೋದ ಕೂಡಲೇ ಲೈನ್ ಕಟ್ಟಾಗುತ್ತದೆ. ಆ ಗರಾಜಿನಲ್ಲಿ ಸಿಗ್ನಲ್ ಇಲ್ಲ.

ಹೀಗಿದ್ದಾಗ ಒಂದು ದಿನ ಕ್ಲಬ್‌ಹೌಸಿನ ನೋಟಿಸ್ ಬೋರ್ಡಿನಲ್ಲಿ, ಪಿಕಲ್‌ಬಾಲ್ ಟೂರ್ನಮೆಂಟಿಗೂ ಫ್ಲೂ ಶಾಟ್‌ನ ಪ್ರಕಟಣೆಗೂ ನಡುವೆ, ಒಂದು ಚೀಟಿ ಕಂಡಿತು. ಇಲ್ಲಿ ಯಾರಿಗಾದರೂ ಫ್ರೆಂಚ್ ಓದಲು ಬರುತ್ತದೆಯೇ, ಹಳೆಯ ಫ್ರೆಂಚು, ಹಡಗಿನ ವಿಷಯ, ಬುಧವಾರ ಮಧ್ಯಾಹ್ನ ವುಡ್‌ಶಾಪಿಗೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಓದಿ ಮನೆಗೆ ಬಂದೆ. ಆ ಬುಧವಾರ ಹೋಗಲಿಲ್ಲ. ಮುಂದಿನ ಬುಧವಾರವೂ ಬಾಗಿಲ ತನಕ ಹೋಗಿ, ಒಳಗೆ ಗರಗಸದ ಸದ್ದು ಕೇಳಿ ಹಿಂತಿರುಗಿದೆ. ಅದರ ಮುಂದಿನ ವಾರ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೋಗಿಯೇಬಿಟ್ಟೆ.

ಒಳಗೆ ಒಬ್ಬರೇ ಇದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ತೆಳ್ಳಗೆ, ಹಣೆಯ ಮೇಲೆ ಎತ್ತಿಕಟ್ಟಿದ ಭೂತಗನ್ನಡಿ. ಮೇಜಿನ ಮೇಲೆ ಹೆಚ್ಚುಕಡಿಮೆ ನಾಲ್ಕಡಿ ಉದ್ದದ ಒಂದು ಹಡಗಿನ ಅಸ್ಥಿಪಂಜರ. ಮೀನು ತಿಂದುಬಿಟ್ಟ ಮೇಲೆ ತಟ್ಟೆಯಲ್ಲಿ ಉಳಿಯುತ್ತದಲ್ಲ, ಆ ತರಹ. ಬೆನ್ನಮೂಳೆ, ಎರಡೂ ಕಡೆ ಪಕ್ಕೆಲುಬು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಯೋಗ ಕ್ಲಾಸ್ ಆಚೆಯ ಬಿಲ್ಡಿಂಗಿನಲ್ಲಿ ಎಂದರು.

"ನಾನು ಫ್ರೆಂಚಿಗೆ ಬಂದವಳು," ಎಂದೆ.

ಅವರ ಮಾತೆಲ್ಲ ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಕೂತುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ.

"ನೀವಾ?" ಎಂದರು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, "ಸಾರಿ. ನಲವತ್ತು ವರ್ಷ ಕ್ವೀನ್ಸಲ್ಲಿ ಡೆಂಟಿಸ್ಟ್ ಆಗಿದ್ದೆ. ಜ್ಯಾಕ್ಸನ್ ಹೈಟ್ಸ್‌ನಿಂದ ಎಷ್ಟೊಂದು ಜನ ಇಂಡಿಯನ್ಸ್ ಬರ್ತಿದ್ರು. ಒಬ್ಬರೂ ಫ್ರೆಂಚಲ್ಲಿ ಅತ್ತಿದ್ದಿಲ್ಲ," ಎಂದರು.

ಹಾಗೆ ಶುರುವಾಯಿತು. ಅವರು ನನ್ನ ಮುಂದಿಟ್ಟದ್ದು ದಪ್ಪನೆಯ ಒಂದು ಪುಸ್ತಕ. ಹಾಯಿ ಹಡಗುಗಳ ಕಾಲದಲ್ಲಿ ಫ್ರಾನ್ಸಿನ ರಾಜನ ಹಡಗುಕಟ್ಟೆಯಲ್ಲಿ ಯುದ್ಧನೌಕೆಗಳ ನಕ್ಷೆ ಬರೆದು, ಮರದಲ್ಲಿ ಕಟ್ಟಿಸುತ್ತಿದ್ದ ಒಬ್ಬ ಮಹಾಶಯ ಬರೆದದ್ದು. ಹಳೆಯ ಪುಟಗಳನ್ನೇ ಫೋಟೋ ಹಿಡಿದು ಅಚ್ಚು ಹಾಕಿದ್ದರು. ಆ ಕಾಲದ ಅಚ್ಚಿನಲ್ಲಿ ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ. ಫೋನಿನ ಟ್ರಾನ್ಸ್‌ಲೇಶನ್ ಆ್ಯಪನ್ನು ಪುಟದ ಮೇಲೆ ಹಿಡಿದರೆ ಅದಕ್ಕೆ ತಲೆಕೆಟ್ಟು ಏನೇನೋ ಹೇಳುತ್ತಿತ್ತಂತೆ. ನನಗೆ ಅದು ಕಷ್ಟವಾಗಲಿಲ್ಲ. ನಮ್ಮ ಸಿಸ್ಟರ ಪ್ರಾರ್ಥನೆಯ ಪುಸ್ತಕ ಅವರ ವಂಶದಲ್ಲಿ ಕೈಯಿಂದ ಕೈಗೆ ಬಂದದ್ದು, ಅದರಲ್ಲೂ ಇದೇ ಅಕ್ಷರ. ಡಿಕ್ಟೇಶನ್ನಿನಲ್ಲಿ ತಪ್ಪಿಲ್ಲದ ಹುಡುಗಿಗೆ ಅದನ್ನು ಮುಟ್ಟಿ ಒಂದು ಪುಟ ಓದುವ ಬಹುಮಾನ ಸಿಗುತ್ತಿತ್ತು. ಹಾಗೆ ಮೂರೋ ನಾಲ್ಕೋ ಪುಟ ನನ್ನ ಪಾಲಿಗೂ ಬಂದಿತ್ತು.

ಪುಸ್ತಕ ಬರೆದವರ ಹೆಸರು ಉದ್ದನೆಯದು. ಡೆಂಟಿಸ್ಟರ ನಾಲಿಗೆಗೆ ಅದು ಹೊರಳಲಿಲ್ಲ. ಅದಕ್ಕೆ ಇಬ್ಬರೂ ಅವರನ್ನು ಬರೀ ಮೊಸ್ಯೂ, ಎಂದರೆ ಸಾಹೇಬರು, ಎಂದು ಕರೆದೆವು. ನನ್ನನ್ನು ಡೆಂಟಿಸ್ಟರು ಮದಾಮ್ ಎಂದರು, ಅವರಿಗೆ ಬರುತ್ತಿದ್ದ ಫ್ರೆಂಚ್ ಅಷ್ಟೇ. ನಾನು ಅವರನ್ನು ಡಾಕ್ಟರೇ ಎಂದೆ. ಮೂವರ ಪರಿಚಯ ಹೀಗೆ ಮುಗಿಯಿತು.

ಪ್ರತಿ ಬುಧವಾರ ಊಟ ಮುಗಿಸಿ ಹೋಗುವುದು. ನಾನು ಒಂದು ಪ್ಯಾರಾ ಫ್ರೆಂಚಿನಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು. ಅವರು ಕೇಳುತ್ತಾ ಹಡಗಿನ ಪಕ್ಕೆಗಳಿಗೆ ಒಂದೊಂದೇ ಹಲಗೆ ಅಂಟಿಸುವುದು. ಹಲಗೆಯೆಂದರೆ ಐಸ್‌ಕ್ರೀಮ್ ಕಡ್ಡಿಗಿಂತ ಸಪೂರ. ಅವರ ಹತ್ತಿರ ಇದ್ದದ್ದೆಲ್ಲ ಹಲ್ಲಿನ ಡಾಕ್ಟರ ಸಾಮಾನು: ಕೊಕ್ಕೆ, ಚಿಮಟ, ಪುಟ್ಟ ಕನ್ನಡಿ. ಆ ಕನ್ನಡಿಯನ್ನು ಫಿರಂಗಿಯ ಕಿಂಡಿಯೊಳಗೆ ತೂರಿಸಿ ಒಳಗೆ ಅಂಟು ಹಿಡಿದಿದೆಯೋ ಇಲ್ಲವೋ ಎಂದು ನೋಡುವಾಗ ತಮಗೆ ತಾವೇ "ಸ್ವಲ್ಪ ಬಾಯಿ ದೊಡ್ಡದು ಮಾಡಿ" ಎನ್ನುತ್ತಿದ್ದರು. ಇಂಗ್ಲಿಷ್ ಬೇಕಾದರೆ ಬೇಗ ಬೇಗ ಹೇಳಿ, ಆದರೆ ಫ್ರೆಂಚ್ ಮಾತ್ರ ಬಿಡಬೇಡಿ ಎನ್ನುತ್ತಿದ್ದರು. ಅದು ತಿಳಿಯದಿದ್ದರೂ ಕೈ ಸ್ಟೆಡಿ ಆಗುತ್ತಂತೆ.

ಮೊಸ್ಯೂ ಬರೆದದ್ದರಲ್ಲಿ ಕೆಲವು ಸಂಗತಿ ನನಗೆ ಈಗಲೂ ಬಾಯಿಪಾಠ. ಹಡಗು ಕಟ್ಟುವವನು ಚಳಿಗಾಲದಲ್ಲಿ, ಎಲೆ ಉದುರಿದ ಮೇಲೆ, ಪಕ್ಕೆಲುಬಿನ ಆಕಾರಕ್ಕೆ ಕತ್ತರಿಸಿದ ತೆಳು ಹಲಗೆಗಳನ್ನು ಹೊತ್ತುಕೊಂಡು ಓಕ್ ಕಾಡಿಗೆ ಹೋಗಬೇಕಂತೆ. ನಿಂತ ಮರಗಳಿಗೆ ಆ ಹಲಗೆ ಹಿಡಿದು, ಯಾವ ಕೊಂಬೆಯ ಬಾಗು ಯಾವ ಪಕ್ಕೆಲುಬಿಗೆ ಸರಿಹೋಗುತ್ತದೆ ಎಂದು ನೋಡಬೇಕು. ನೆಟ್ಟಗೆ ಬೆಳೆದ ಮರ ಹೇರಳ, ಸೊಟ್ಟ ಮರಕ್ಕೇ ಬೆಲೆ. ಇದನ್ನು ಓದಿದಾಗ ಡಾಕ್ಟರು ಬಿದ್ದುಬಿದ್ದು ನಕ್ಕರು. "ನಾನೂ ಸೊಟ್ಟ ಹಲ್ಲಿಂದಾನೇ ಮನೆ ಕಟ್ಟಿದ್ದು, ಮದಾಮ್."

ಇನ್ನೊಂದು ಕಡೆ ಮೊಸ್ಯೂ ಹೇಳುತ್ತಾರೆ: ಹಡಗನ್ನು ನೀರಿಗೆ ಬಿಡುವ ದಿನ ಕಟ್ಟಿದವನು ಕೆಳಗೆ, ಆಸರೆಯ ತೊಲೆಗಳ ಹತ್ತಿರವೇ ಇರಬೇಕು. ಹಾಗಾಗಿ ಅದು ನೀರು ಮುಟ್ಟುವುದು ಅವನಿಗೆ ಕಾಣುವುದಿಲ್ಲ. ದಡದ ಮೇಲಿನ ಜನ ಕೂಗಿದ್ದು ಕೇಳಿ ತಿಳಿದುಕೊಳ್ಳಬೇಕು.

ಇದನ್ನು ಕೇಳಿ ಡಾಕ್ಟರು ಅಂಟಿನ ಬ್ರಶ್ ಕೆಳಗಿಟ್ಟರು. ಅವರ ಹೆಂಡತಿ ತೀರಿಕೊಂಡಿದ್ದು ಅವರು ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ಜಾಗ ಹುಡುಕುತ್ತಿದ್ದಾಗಂತೆ. ಅಷ್ಟು ಹೇಳಿ, "ಹೂಂ, ಮುಂದೆ," ಎಂದರು.

ನಾನು ಒಂದು ಫ್ಲಾಸ್ಕ್ ಕಾಫಿ, ಡಬ್ಬಿಯಲ್ಲಿ ನಿಪ್ಪಟ್ಟೋ ಕೋಡುಬಳೆಯೋ ಒಯ್ಯುತ್ತಿದ್ದೆ. ಮೊದಲನೆಯ ಸಲ ಕೋಡುಬಳೆ ಕಚ್ಚಿದಾಗ ಟಣ್ ಎಂದಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಮದಾಮ್, ಇದನ್ನ ನೀವು ನನ್ನ ಪ್ರ್ಯಾಕ್ಟೀಸ್ ಟೈಮಲ್ಲಿ ತಂದಿದ್ರೆ ನಾವಿಬ್ರೂ ಪಾರ್ಟ್‌ನರ್ಸ್ ಆಗ್ಬಹುದಿತ್ತು. ನೀವು ಮುರಿಯೋದು, ನಾನು ಕಟ್ಟೋದು."

ಮನೆಯಲ್ಲಿ ಒಬ್ಬಳಿಗಾಗಿ ಕರಿಯುವುದನ್ನು ನಿಲ್ಲಿಸಿಬಿಟ್ಟಿದ್ದೆ. ಮಂಗಳವಾರ ಮತ್ತೆ ಬಾಣಲೆ ಒಲೆಯ ಮೇಲೆ ಬರತೊಡಗಿತು. ಸ್ಮೋಕ್ ಅಲಾರ್ಮ್ ಕೂಗಿ ಪಕ್ಕದ ಮನೆಯಲ್ಲಿರುವ ಧಾರವಾಡದ ಗೆಳತಿ ಓಡಿಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಬಾಯಿ ಮಾತ್ರ ನೂರು ವರ್ಷದ್ದು.

"ಏನ್ರೀ ಅಕ್ಕಾರ, ಮಗಳು ಬರೂದು ಭಾನುವಾರ, ನೀವು ಮಂಗಳವಾರನ ಕರ್ಯಾಕ ಹತ್ತೀರಿ? ಯಾರಿಗೆ?"

"ಕ್ಲಬ್‌ಹೌಸಲ್ಲಿ ಒಂದು ರೀಡಿಂಗ್ ಇದೆ."

"ರೀಡಿಂಗಿಗೆ ಕೋಡಬಳಿ ಬೇಕೇನ್ರಿ? ಶನಿವಾರದ ಭಜನಿಗೆ ಬರ್ರಿ ಅಂದ್ರ ಮಂಡಿ ನೋವು ಅಂತೀರಿ. ಬುಧವಾರ ಆ ಹಡಗದ ಅಜ್ಜನ ಕಡೆ ಹೋಗೂಮುಂದ ಮಂಡಿ ಎಲ್ಲಿ ಇಟ್ಟು ಹೋಗ್ತೀರಿ?"

"ಸುಮ್ನಿರೇ, ಯಾರಾದ್ರೂ ಕೇಳಿಸ್ಕೊಂಡಾರು."

"ಕೇಳ್ಲಿ ಬಿಡ್ರಿ. ಈ ಊರಾಗ ಕೇಳೂ ಕಿವಿ ಯಾರಿಗದ? ಎಲ್ಲಾರೂ ಮಶೀನ್ ಮನ್ಯಾಗ ಮರ್ತು ಬರ್ತಾರ." ಹೀಗೆಂದು ನಾಲ್ಕು ಕೋಡುಬಳೆ ಉಂಗುರದ ಹಾಗೆ ಬೆರಳಿಗೆ ಏರಿಸಿಕೊಂಡು ಹೊರಟುಹೋದಳು.

ಅವಳು ತಿಳಿದ ಹಾಗೇನೂ ಇರಲಿಲ್ಲ. ಅಥವಾ ಇದ್ದದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನ ಒಬ್ಬರು ನನ್ನ ಬಾಯಿಯನ್ನು ನೋಡುತ್ತಾ ಮುಂದೇನು ಎಂದು ಕಾಯುತ್ತಿದ್ದರು. ಇಷ್ಟೇ ಇದ್ದದ್ದು. ಆ ಒಂದು ಮಧ್ಯಾಹ್ನದ ದಾರವಿಲ್ಲದಿದ್ದರೆ ಉಳಿದ ದಿನಗಳು ಮಣಿ ಚೆಲ್ಲಿದ ಹಾಗೆ ಚೆಲ್ಲಿಹೋಗುತ್ತವೆ ಎಂದು ನನಗೆ ಗೊತ್ತಿತ್ತು.

ಹಾಗೆ ಎರಡು ಚಳಿಗಾಲ ಕಳೆಯಿತು. ಹಡಗಿನ ಒಡಲಿಗೆ ಪೂರಾ ಹಲಗೆ ಮುಚ್ಚಿ, ಪಾಲಿಶ್ ಆಗಿ, ಡೆಕ್ ಬಂತು, ಫಿರಂಗಿ ಬಂತು. ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಡಾಕ್ಟರು ತಲೆ ಎತ್ತದೆ, ಅಂಟು ಕಲಸುತ್ತಾ ಹೇಳಿದರು:

"ಒಹಾಯೋದಲ್ಲಿರೋ ಮಗಳು ಬಾ ಬಾ ಅಂತ ಎರಡು ವರ್ಷದಿಂದ ಹಟ ಮಾಡ್ತಿದಾಳೆ. ಹಡಗಿಗೆ ಕಂಬ ನಿಲ್ಲಿಸಿ ಬರ್ತೀನಿ ಅಂತ ಹೇಳಿದೀನಿ."

"ಒಹಾಯೋದಲ್ಲಿ ಸಮುದ್ರ ಎಲ್ಲಿದೆ ಡಾಕ್ಟರೇ?"

"ಅದನ್ನೇ ನಾನೂ ಕೇಳಿದೆ. ಬೇಸ್‌ಮೆಂಟಲ್ಲಿ ನೀರು ಬರುತ್ತೆ ಅಂದಳು."

ನಾನು ನಕ್ಕೆ. ಮನೆಗೆ ನಡೆದು ಬರುವಾಗ ಉಳಿದ ಪುಟಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಹಾಯಿ ಕಟ್ಟುವ ಕಂಬಗಳ ಅಧ್ಯಾಯ ಬಂದಿತ್ತು. ಇನ್ನು ಹೆಚ್ಚು ಪುಟ ಉಳಿದಿರಲಿಲ್ಲ.

ಅಲ್ಲಿಯ ತನಕ ಹಡಗಿನ ಅಳತೆಯೆಲ್ಲ ಪುಸ್ತಕದ ಜೊತೆ ಬಂದ ದೊಡ್ಡ ನಕ್ಷೆಗಳಿಂದಲೇ ಸಿಗುತ್ತಿತ್ತು. ಡಾಕ್ಟರು ಡಿವೈಡರ್ ಹಿಡಿದು ನೇರ ನಕ್ಷೆಯಿಂದ ಮರಕ್ಕೆ ಇಳಿಸುತ್ತಿದ್ದರು, ನನ್ನ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಕಂಬಗಳು ನಕ್ಷೆಯಲ್ಲಿ ಇರಲಿಲ್ಲ. ಅವುಗಳ ಉದ್ದ, ದಪ್ಪ ಎಲ್ಲವನ್ನೂ ಮೊಸ್ಯೂ ಪುಸ್ತಕದೊಳಗೆ ಅಂಕಿಗಳಲ್ಲಿ ಕೊಟ್ಟಿದ್ದರು, ಇಷ್ಟು ಅಡಿ, ಇಷ್ಟು ಇಂಚು ಎಂದು. ನಾನು ಓದಿ ಹೇಳಿದೆ. ಡಾಕ್ಟರು ಪೆನ್ಸಿಲಿನಿಂದ ಮರದ ಮೇಲೇ ಬರೆದುಕೊಂಡರು. ನಿಜವಾದ ಒಂದು ಅಡಿಗೆ ಮಾಡೆಲಿನಲ್ಲಿ ಕಾಲು ಇಂಚು, ಅದು ಅವರ ಲೆಕ್ಕ. ಎಲೆ ಕೆಂಪಾಗುವ ಹೊತ್ತಿಗೆ ಮೂರು ಕಂಬಗಳು ತಯಾರಾದವು. ಒಂದೊಂದೂ ಒಂದರ ಮೇಲೊಂದು ಏರಿಸಿದ ತುಂಡುಗಳದ್ದು, ಮೇಲೆ ಹೋದಂತೆ ಸಪೂರ. ಅಂಟು ಹಾಕದೆ ಸುಮ್ಮನೆ ಕುಳಿಯೊಳಗೆ ನಿಲ್ಲಿಸಿ, ಇಬ್ಬರೂ ಹಿಂದೆ ಸರಿದು ನೋಡಿದೆವು.

ಡಾಕ್ಟರು ಬಹಳ ಹೊತ್ತು ನೋಡಿದರು. ಭೂತಗನ್ನಡಿ ಹಾಕಿ ನೋಡಿದರು, ತೆಗೆದು ನೋಡಿದರು.

"ಕುತ್ತಿಗೆ ಇಲ್ಲದ ಮನುಷ್ಯನ ತರ ಕಾಣ್ತಿಲ್ವಾ?"

ನನಗೆ ಚೆನ್ನಾಗಿಯೇ ಕಂಡಿತು. ಹಾಗೆಂದೆ.

"ಹಾಗಾದ್ರೆ ನನ್ನ ಕಣ್ಣೇ," ಎಂದರು. "ಕ್ಯಾಟರ‍್ಯಾಕ್ಟ್ ಆಪರೇಶನ್ ಆದಮೇಲೆ ಯಾವುದೂ ಸರಿ ಕಾಣಲ್ಲ. ನಲವತ್ತು ವರ್ಷ ಅರ್ಧ ಕೂದಲೆಳೆ ವ್ಯತ್ಯಾಸ ಇದ್ರೂ ಬರೀ ಕಣ್ಣಲ್ಲಿ ಹಿಡೀತಿದ್ದೆ. ಈಗ ನೋಡಿ. ಮಗಳು ಹೇಳೋದು ಸರಿ, ಒಬ್ಬನೇ ಇರೋ ಕಾಲ ಮುಗೀತು."

ಮುಂದಿನ ಎರಡು ಬುಧವಾರವೂ ಅವರದು ಇದೇ: ಕಂಬ ನೋಡುವುದು, ಕಣ್ಣು ಉಜ್ಜಿಕೊಳ್ಳುವುದು. ಕಾಫಿ ಸುರಿದುಕೊಳ್ಳುವಾಗ ಕಪ್ಪಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡತೊಡಗಿದರು. ಕಣ್ಣಿನ ಮೇಲಿನ ನಂಬಿಕೆ ಹೋದರೆ ಮನುಷ್ಯ ಎಷ್ಟು ಬೇಗ ಮುದುಕನಾಗುತ್ತಾನೆ ಎಂದು ನಾನು ಕಂಡದ್ದು ಆಗಲೇ.

ಪುಸ್ತಕದ ಕೊನೆಯ ಅಧ್ಯಾಯವನ್ನು ಮೊದಲೇ ಒಮ್ಮೆ ನೋಡಿಕೊಂಡಿರೋಣ ಎಂದು ಆ ವಾರ ಪುಸ್ತಕವನ್ನು ಮನೆಗೆ ತಂದೆ. ಶನಿವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಕರಿಬೇವಿನ ಕುಂಡವನ್ನು ಚಳಿಗೆಂದು ಆಗ ತಾನೇ ಒಳಗೆ ತಂದಿಟ್ಟಿದ್ದೆ. ಆ ಅಧ್ಯಾಯದಲ್ಲಿ ಮೊಸ್ಯೂ ಒಂದು ಇಂಗ್ಲಿಷ್ ಹಡಗಿನ ಸಂಗತಿ ಹೇಳುತ್ತಾರೆ. ಯುದ್ಧದಲ್ಲಿ ಸೆರೆಹಿಡಿದು ತಂದು ಅವರ ಬಂದರಿನಲ್ಲಿ ಕಟ್ಟಿಹಾಕಿದ್ದ ಹಡಗು. ಇವರೇ ಇಳಿದು ಹೋಗಿ ಅದನ್ನು ಅಳೆದರಂತೆ. ಇಂಗ್ಲಿಷರು ಹೇಳುವ ಉದ್ದ ಒಂದು, ತಮ್ಮ ಅಳತೆಗೋಲಿಗೆ ಬಂದದ್ದು ಅದಕ್ಕಿಂತ ಕಡಿಮೆ. ಯಾಕೆಂದರೆ, ಎನ್ನುತ್ತಾರೆ ಮೊಸ್ಯೂ, ಅವರ ಅಡಿ ನಮ್ಮ ಅಡಿಗಿಂತ ಗಿಡ್ಡ.

ಆ ಸಾಲನ್ನು ಮತ್ತೆ ಓದಿದೆ. ಫೋನಿನಲ್ಲಿ ಹುಡುಕಿ ನೋಡಿದೆ. ಫ್ರೆಂಚರ ಅಡಿ ನಮ್ಮ ಟೇಪಿನ ಅಡಿಗಿಂತ ಮುಕ್ಕಾಲು ಇಂಚಿಗೂ ಸ್ವಲ್ಪ ಹೆಚ್ಚು. ಒಡಲಿನ ಅಳತೆ ಅವರ ನಕ್ಷೆಯಿಂದಲೇ ಬಂದದ್ದರಿಂದ ಅದು ಸರಿ. ಕಂಬದ ಅಳತೆ ನನ್ನ ಬಾಯಿಂದ ಬಂದದ್ದು. ನಾನು ಅವರ ಅಡಿಯನ್ನು ನಮ್ಮ ಅಡಿ ಮಾಡಿ ಹೇಳಿದ್ದೆ, ಅಷ್ಟೂ ಕಂಬ ಗಿಡ್ಡವಾಗಿದ್ದವು. ಡಾಕ್ಟರ ಕಣ್ಣಿಗೆ ಏನೂ ಆಗಿರಲಿಲ್ಲ.

ತಮಾಷೆ ನೋಡಿ. ತುಮಕೂರಿನ ಕಡೆಯ ನಮ್ಮಜ್ಜಿ ಪರ ಊರಿನ ಸೇರನ್ನು ಯಾವತ್ತೂ ನಂಬುತ್ತಿರಲಿಲ್ಲ. ರಜಕ್ಕೆ ಹೋದಾಗ ಅಮ್ಮ ಬೆಂಗಳೂರಿನಿಂದ ಒಯ್ದ ಪಾವಿನಲ್ಲಿ ಅಕ್ಕಿ ಅಳೆದರೆ, "ನಿಮ್ಮೂರ ಪಾವು ನಮ್ಮೂರಲ್ಲಿ ನಡೆಯಲ್ಲ ಕಣೇ, ಮಕ್ಕಳು ಅರೆಹೊಟ್ಟೆ ಏಳ್ತವೆ" ಎಂದು ಕಿತ್ತುಕೊಂಡು ತಮ್ಮದರಲ್ಲಿ ಅಳೆಯುತ್ತಿದ್ದರು. ಊರಿಗೊಂದು ಸೇರು, ಕೈಗೊಂದು ಮೊಳ ಎಂದು ಕೇಳಿಯೇ ಬೆಳೆದವಳು ನಾನು. ಆದರೆ ಕ್ಲಾಸಿನಲ್ಲಿ ಸಿಸ್ಟರ್ ಮರದ ಸ್ಕೇಲು ಎತ್ತಿ ಹಿಡಿದು ಕೋರಸ್ಸಿನಲ್ಲಿ ಹೇಳಿಸಿದ್ದರು, ಪಿಯೇ ಎಂದರೆ ಫುಟ್, ಪೂಸ್ ಎಂದರೆ ಇಂಚ್. ಏಟಿನ ಸ್ಕೇಲಿನಲ್ಲಿ ಕಲಿತದ್ದು, ಅನುಮಾನ ಹೇಗೆ ಬರಬೇಕು? ಅಜ್ಜಿಯ ಪಾಠ ಅಡುಗೆಮನೆಯಲ್ಲೇ ಉಳಿಯಿತು, ಕಾನ್ವೆಂಟಿನ ಗೇಟು ದಾಟಲಿಲ್ಲ.

ಬುಧವಾರದ ತನಕ ನಾನು ಪಟ್ಟ ಪಾಡು ಬರೆದರೆ ನಗು ಬರಬಹುದು. ಹೇಳದಿದ್ದರೆ ಕಂಬಗಳಿಗೆ ಅಂಟು ಬೀಳುತ್ತದೆ, ತಿಂಗಳೊಳಗೆ ಡಾಕ್ಟರು ಒಹಾಯೋಕ್ಕೆ ಹೊರಡುತ್ತಾರೆ, ತಮ್ಮ ಕಣ್ಣು ಹೋಯಿತೆಂದೇ ತಿಳಿದುಕೊಂಡು. ಹೇಳಿದರೆ ಕಂಬ ಕಿತ್ತು ಹೊಸದಾಗಿ ಕೊರೆಯಬೇಕು, ಅಂದರೆ ಇನ್ನೊಂದು ಇಡೀ ಚಳಿಗಾಲದ ಬುಧವಾರಗಳು. ಈ ಎರಡನೆಯ ಯೋಚನೆ ಬಂದ ಕೂಡಲೇ ನನಗೆ ಎಷ್ಟು ಖುಷಿಯಾಯಿತೆಂದರೆ ನಾಚಿಕೆಯಾಯಿತು. ಮರುಕ್ಷಣವೇ ಇನ್ನೊಂದು ಹೆದರಿಕೆ. ಆ ಕೋಣೆಯಲ್ಲಿ ನನಗೊಂದು ಕುರ್ಚಿ ಇದ್ದದ್ದೇ ನನ್ನ ಫ್ರೆಂಚಿನ ನೆಪದಲ್ಲಿ. ಆ ಫ್ರೆಂಚೇ ತಪ್ಪು ಎಂದ ಮೇಲೆ?

ಸೋಮವಾರ ಮಗಳು ಕಾರಿನಿಂದ, "ಡಿಡ್ ಯು ಟಾಕ್ ಟು ಎನಿಬಡಿ?" ಎಂದಾಗ ಬಾಯಿ ತಪ್ಪಿ ನೋ ಎಂದುಬಿಟ್ಟೆ. "ವಾಟ್? ಅಮ್ಮಾ, ಆರ್ ಯು ಓಕೇ?" ಎಂದು ಶುರುಮಾಡಿದಳು. ಅಷ್ಟರಲ್ಲಿ ಗರಾಜು ಬಂತು.

ಬುಧವಾರ ಹೋದೆ. ಕೋಟು ತೆಗೆಯಲಿಲ್ಲ. ನಿಂತುಕೊಂಡೇ ಹೇಳಿದೆ.

"ಡಾಕ್ಟರೇ, ನಿಮ್ಮ ಕಣ್ಣು ಸರಿಯಾಗಿದೆ. ಕಂಬ ಗಿಡ್ಡ ಇರೋದು ನಿಜ. ತಪ್ಪು ನನ್ನದು." ಆ ಸಾಲನ್ನು ಫ್ರೆಂಚಿನಲ್ಲಿ ಓದಿದೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಪುಸ್ತಕದ ಕಡೆಗೆ ನೋಡಲೇ ಇಲ್ಲ. ಹಡಗಿನ ಕಡೆ ನೋಡಿದರು. ಆಮೇಲೆ ಒಂದು ತುಂಡು ಕಾಗದದ ಮೇಲೆ ಲೆಕ್ಕ ಹಾಕಿ, ದೊಡ್ಡ ಕಂಬದ ತುದಿಯ ಮೇಲೆ ಗಾಳಿಯಲ್ಲಿ ಎರಡು ಬೆರಳು ಹಿಡಿದು, "ಇಲ್ಲಿ ತನಕ ಬರಬೇಕಿತ್ತು," ಎಂದರು. ಎರಡು ಬೆರಳ ನಡುವೆ ಬರೀ ಗಾಳಿ. ಆದರೆ ಆಗ ನನಗೂ ಕಂಡಿತು, ಆ ಹಡಗಿಗೆ ಕುತ್ತಿಗೆ ಇರಲಿಲ್ಲ.

"ನನ್ನ ಕಣ್ಣು ಸರಿ ಇದೆ," ಎಂದರು, ನನಗಲ್ಲ. ಮತ್ತೊಮ್ಮೆ ಅದನ್ನೇ ಹೇಳಿದರು. ಆಮೇಲೆ ಕೂತು, ಕನ್ನಡಕ ತೆಗೆದು, ಏಪ್ರನ್ನಿನ ಚುಂಗಿನಿಂದ ಮುಖ ಒರೆಸಿಕೊಂಡರು.

"ಇಷ್ಟು ಮರ ದಂಡ ಆಯ್ತಲ್ಲ, ಡಾಕ್ಟರೇ."

"ಮದಾಮ್, ನಾನು ಒಂದ್ಸಲ ಒಬ್ಬ ಜಡ್ಜ್‌ದು ಒಳ್ಳೇ ಹಲ್ಲು ಕಿತ್ತುಬಿಟ್ಟಿದ್ದೆ, ಹುಳುಕು ಹಲ್ಲಿನ ಪಕ್ಕದ್ದು. ಇದು ಮರ. ಇದಕ್ಕೆ ಲಾಯರ್ ಇಲ್ಲ." ಎದ್ದು, ಎಡಗೈಯಲ್ಲಿ ಹಡಗನ್ನು ಮೃದುವಾಗಿ ಒತ್ತಿ ಹಿಡಿದು, ಬಲಗೈಯಿಂದ ದೊಡ್ಡ ಕಂಬವನ್ನು ಸ್ವಲ್ಪ ಆ ಕಡೆ ಈ ಕಡೆ ಅಲ್ಲಾಡಿಸಿ, "ಏನೂ ನೋವಾಗಲ್ಲ" ಎಂದು ಅದಕ್ಕೆ ಹೇಳಿ, ಎಳೆದುಬಿಟ್ಟರು. ಮೂರನ್ನೂ ಹಾಗೆಯೇ.

ಆಗ ನಾನು ಕೋಟು ತೆಗೆದು ಕೂತೆ. ಕಾಫಿ ಸುರಿದೆ. ನಗುನಗುತ್ತಲೇ, ಹಾಗಾದರೆ ಈ ಚಳಿಗಾಲವೆಲ್ಲ ಕಂಬದ ಕೆಲಸವೇ ಆಯಿತಲ್ಲ ಎಂದೆ.

ಅವರು ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. "ಮನೆ ಮಾರಾಟ ಆಯ್ತು, ಮದಾಮ್. ಹೋದ ಶುಕ್ರವಾರ ಸೈನ್ ಮಾಡಿದೆ. ಕಣ್ಣು ಹೋಯ್ತು ಅಂದ್ಕೊಂಡು ಮಗಳಿಗೆ ಹೂಂ ಅಂದ್ಬಿಟ್ಟೆ. ಥ್ಯಾಂಕ್ಸ್‌ಗಿವಿಂಗಿಗೆ ಮುಂಚೆ ಖಾಲಿ ಮಾಡ್ಬೇಕು."

ಹೋದ ಶುಕ್ರವಾರ. ನಾನು ಆ ಸಾಲನ್ನು ಓದಿದ್ದು ಅದರ ಮರುದಿನ.

ಏನು ಹೇಳಿದೆನೋ ನೆನಪಿಲ್ಲ. ಏನೋ ಒಳ್ಳೆಯ ಮಾತೇ ಹೇಳಿರಬೇಕು, ಕಾನ್ವೆಂಟಿನಲ್ಲಿ ಅದನ್ನೂ ಕಲಿಸಿದ್ದರು.

ಅವರು ಹೊರಟ ದಿನ ನಾನು ವುಡ್‌ಶಾಪಿಗೆ ಹೋಗಿದ್ದೆ. ಅವರ ಮಗಳೂ ಅಳಿಯನೂ ಬಂದಿದ್ದರು. ಹಡಗಿಗೆ ಬಬಲ್ ರ‍್ಯಾಪ್ ಸುತ್ತಿ, ಮಗುವಿನ ಹಾಗೆ ಹಿಂದಿನ ಸೀಟಿನಲ್ಲಿ ಮಲಗಿಸಿ, ಬೆಲ್ಟು ಹಾಕಿದ್ದರು. ಡಾಕ್ಟರು ಒಂದು ಕಟ್ಟು ನನ್ನ ಕೈಗೆ ಕೊಟ್ಟರು: ಗಿಡ್ಡ ಕಂಬಗಳು, ರಬ್ಬರ್ ಬ್ಯಾಂಡ್ ಹಾಕಿದ್ದವು. ಮೇಲೆ ಪುಸ್ತಕ.

"ಪುಸ್ತಕ ನಿಮಗೆ ಬೇಕಲ್ಲ ಡಾಕ್ಟರೇ, ಅಳತೆ ಎಲ್ಲ ಇದರಲ್ಲೇ ಇದೆ."

"ನಂಗ್ಯಾಕೆ? ನಂಗೆ ಫ್ರೆಂಚ್ ಬರಲ್ಲ," ಎಂದರು. "ಬುಧವಾ‌ರ ಫೋನ್ ಮಾಡ್ತೀನಿ. ಎತ್ತಿ."

ಕಾರು ಕ್ಲಬ್‌ಹೌಸಿನ ತಿರುವು ದಾಟಿದ್ದು ನನಗೆ ಕಾಣಲಿಲ್ಲ. ವುಡ್‌ಶಾಪಿನ ಹೀಟರ್ ಆಫ್ ಮಾಡಬೇಕೆಂದು ಒಳಗೆ ಹೋಗಿದ್ದೆ. ಹಾರ್ನ್ ಎರಡು ಸಲ ಕೇಳಿತು, ಅಷ್ಟೇ. ಮೇಜಿನ ಮೇಲೆ ಹಡಗಿದ್ದ ಜಾಗದಲ್ಲಿ ಉದ್ದಕ್ಕೆ ಒಣಗಿದ ಅಂಟಿನ ಕಲೆ. ಹಡಗು ನೀರಿಗೆ ಇಳಿದ ಮೇಲೆ ಜಾರುದಾರಿಗೆ ಬಳಿದ ಕೊಬ್ಬು ಗಟ್ಟಿಯಾಗುವ ಮೊದಲೇ ಕೆರೆದು ತೆಗೆದಿಡಬೇಕು, ಮುಂದಿನ ಹಡಗಿಗೆ ಆಗುತ್ತದೆ ಎಂದು ಮೊಸ್ಯೂ ಒಂದು ಕಡೆ ಬರೆದಿದ್ದಾರೆ. ಆ ಮನುಷ್ಯ ಅಳುವ ವಿಷಯ ಎಲ್ಲೂ ಬರೆಯುವುದಿಲ್ಲ. ನಾನೂ ಅಲ್ಲಿದ್ದ ಉಳಿಯಿಂದ ಅಂಟನ್ನು ಕೆರೆದು, ಮೇಜು ಒರೆಸಿ, ದೀಪ ಆರಿಸಿ ಬಂದೆ.

ಧಾರವಾಡದ ಗೆಳತಿ ಆ ಸಂಜೆ ಏನೂ ತಮಾಷೆ ಮಾಡಲಿಲ್ಲ. ಒಂದು ಬಟ್ಟಲು ಕಡಲೆಹಿಟ್ಟಿನ ಬಿಸಿ ಜುಣಕ ತಂದಿಟ್ಟು, "ಉಣ್ರಿ ಅಕ್ಕಾರ," ಎಂದು ಹೇಳಿ ಎದುರಿಗೇ ಕೂತಳು. ಕರಿಬೇವಿನ ಗಿಡ ಬಿಸಿಲಿಲ್ಲದೆ ಒಂದು ಕಡೆ ವಾಲುತ್ತಿತ್ತು. ಅವಳೇ ಕಟ್ಟು ಬಿಚ್ಚಿ, ದೊಡ್ಡ ಕಂಬವನ್ನು ತೆಗೆದು ಕುಂಡದಲ್ಲಿ ಊರಿ, ಗಿಡವನ್ನು ಅದಕ್ಕೆ ಕಟ್ಟಿದಳು. "ಛಲೋ ಕಡದಾನ ಬಿಡ್ರಿ ನಿಮ್ಮ ಅಜ್ಜ," ಎಂದಳು.

ಡಾಕ್ಟರು ಹೇಳಿದ ಹಾಗೇ ಬುಧವಾರ ಫೋನ್ ಮಾಡುತ್ತಾರೆ. ಬೇಸ್‌ಮೆಂಟಿನಿಂದ. ಫೋನನ್ನು ಮೇಜಿನ ಮೇಲಿಟ್ಟುಕೊಂಡು ಅವರು ಮರ ಉಜ್ಜುವ ಸದ್ದು ನನಗೆ ಕೇಳಿಸುತ್ತದೆ. ನಾನು ಒಂದು ಸಲಕ್ಕೆ ಒಂದೇ ತುಂಡಿನ ಅಳತೆ ಓದುತ್ತೇನೆ, ಮೊದಲು ಫ್ರೆಂಚಿನಲ್ಲಿ. ಅವರು ಲೆಕ್ಕ ಹಾಕಿ ನಮ್ಮ ಅಡಿಗೆ ತಿರುಗಿಸುತ್ತಾರೆ. ಆಮೇಲೆ ಒಹಾಯೋದ ಹವೆ, ಮನ್ರೋದ ಹವೆ. ಅಷ್ಟರಲ್ಲಿ ಮೇಲಿನಿಂದ ಅವರ ಮಗಳು ಊಟಕ್ಕೆ ಕರೆಯುತ್ತಾಳೆ. ನಾನು ಫೋನಿಟ್ಟು, ತಣ್ಣಗಾದ ಕಾಫಿಯನ್ನು ಮತ್ತೆ ಬಿಸಿ ಮಾಡುತ್ತೇನೆ. ಕರಿಯುವುದನ್ನು ಬಿಟ್ಟಿದ್ದೇನೆ. ಕೋಡುಬಳೆ ಫೋನಿನಲ್ಲಿ ಹೋಗುವುದಿಲ್ಲ.

ಹೋದ ವಾರದ ಹೊತ್ತಿಗೆ ದೊಡ್ಡ ಕಂಬಗಳೆಲ್ಲ ಮುಗಿದು, ಹಿಂದಿನ ಕಂಬದ ತುದಿಯ ತುಂಡೊಂದೇ ಉಳಿದಿತ್ತು. ಹಡಗಿನಲ್ಲೇ ಎಲ್ಲಕ್ಕಿಂತ ಸಪೂರದ್ದು, ಬೆಂಕಿಕಡ್ಡಿಯ ಹಾಗೆ.

"ಹೂಂ ಮದಾಮ್, ಮುಂದೆ," ಎಂದರು.

ನಾನು ಪುಟದ ಮೇಲೆ ಬೆರಳಿಟ್ಟೆ. ಹೊರಗೆ ಪ್ಲೌ ಟ್ರಕ್ಕು ಸ್ನೋ ತಳ್ಳಿಕೊಂಡು ಹೋಗುತ್ತಿತ್ತು, ಆ ಸದ್ದು ದೂರವಾಗುವ ತನಕ ಕಾದೆ.

"ಡಾಕ್ಟರೇ, ಈ ಸಾಲು ಸ್ವಲ್ಪ ಮಾಸಿದೆ. ಬೆಳಕಲ್ಲಿ ನೋಡ್ಬೇಕು. ಮುಂದಿನ ವಾರ ಹೇಳ್ಲಾ?"

ಆ ಕಡೆ ಮರ ಉಜ್ಜುವ ಸದ್ದು ನಿಂತಿತು.

"ನೋಡಿ ನಿಧಾನವಾಗಿ," ಎಂದರು. "ಒಂದೇ ವಾರದಲ್ಲಿ ಓದೋಕೆ ಸಿಗೋ ಸಾಲಿನ ತರ ಕಾಣಲ್ಲ ಅದು."

ಮೇಜಿನ ಮೇಲೆ ಬಿಸಿಲಿತ್ತು. ಸಾಲು ಏನೂ ಮಾಸಿರಲಿಲ್ಲ. ನಾನು ಪುಸ್ತಕ ಮುಚ್ಚಿ ಕರಿಬೇವಿನ ಕುಂಡದ ಪಕ್ಕಕ್ಕೆ ಇಟ್ಟೆ.